ರಕ್ತದ ಚೀಟಿ ಆಯುಸ್ಸು ಹೇಳೋದಿಲ್ಲ, ಸ್ವಾಮಿ!

ಈಗ ಎಲ್ಲಿ ನೋಡಿದರೂ ರಕ್ತಪರೀಕ್ಷೆ ಪ್ಯಾಕೇಜುಗಳದೇ ಭರಾಟೆ. ಅರವತ್ತು ಪರೀಕ್ಷೆ, ಎಂಬತ್ತು ಪರೀಕ್ಷೆ, ಮನೆ ಬಾಗಿಲಿಗೇ ಬಂದು ರಕ್ತ ತಗೊಂಡು ಹೋಗ್ತೀವಿ, ಸಂಜೆ ಹೊತ್ತಿಗೆ ಮೊಬೈಲಿಗೇ ರಿಪೋರ್ಟು! ರೇಷನ್ ಚೀಟಿಗಿಂತ ಉದ್ದವಾದ ಆ ರಿಪೋರ್ಟಿನಲ್ಲಿ ಎಲ್ಲೋ ಒಂದು ಸಾಲಿನಲ್ಲಿ ‘ಎಲ್.ಡಿ.ಎಚ್.’ ಅಂತ ಇರುತ್ತೆ. ಅದರ ಮುಂದಿನ ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಮುಗೀತು. ಮನೆಯಲ್ಲೊಬ್ಬ ಹುಡುಗ ಮೊಬೈಲ್ ತೆಗೆದು ಹುಡುಕುತ್ತಾನೆ. ‘ಕ್ಯಾನ್ಸರ್’ ಅನ್ನೋ ಮಾತು ಬರುತ್ತೆ. ಅವತ್ತು ಮನೇಲಿ ಒಲೆ ಹತ್ತೋದಿಲ್ಲ.

ಇದರ ಇನ್ನೊಂದು ಮುಖವೂ ಉಂಟು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಅಂತ ಖಚಿತವಾಗಿಯೇ ಗೊತ್ತಾದ ಹೆಂಗಸಿನ ರಕ್ತದಲ್ಲಿ ಇದೇ ಅಂಕಿ ಏರಿತ್ತು ಅನ್ನಿ. ‘ನಂಬರು ಜಾಸ್ತಿ ಇದೆಯಂತೆ, ಇನ್ನು ಉಳಿಯೋದು ಕಷ್ಟವಂತೆ’ ಅಂತ ಜಗುಲಿ ಮೇಲೆ ಪಂಚಾಯ್ತಿ ಶುರುವಾಗುತ್ತೆ. ಇನ್ನು ಯಾಕೆ ಬೆಂಗಳೂರು ಓಡಾಟ, ಇನ್ನು ಯಾಕೆ ಸಾಲ, ಅನ್ನುವಲ್ಲಿಗೆ ಪಂಚಾಯ್ತಿ ಮುಗಿಯುತ್ತೆ. ಆ ಹೆಂಗಸನ್ನು ಮಾತ್ರ ಯಾರೂ ಕೇಳುವುದಿಲ್ಲ.

ಒಂದು ಅಂಕಿ ಇಷ್ಟು ದೊಡ್ಡ ತೀರ್ಪು ಕೊಡಬಲ್ಲದೇ? ವಿಜ್ಞಾನ ಏನನ್ನುತ್ತದೆ, ಎಲ್ಲಿಗೆ ನಿಲ್ಲುತ್ತದೆ? ಅಂತರಸನಹಳ್ಳಿ ಮಾರುಕಟ್ಟೆಗೆ ಬೆಳಕು ಹರಿಯುವ ಮುಂಚೆ ಸೊಪ್ಪಿನ ಮೂಟೆ ಇಳಿಸುವ ನಮ್ಮ ಹೆಂಗಸರಿಗೆ ಇದರಿಂದ ಆಗಬೇಕಾದ್ದೇನು? ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಏನಿದು ಎಲ್.ಡಿ.ಎಚ್.?

ಪೂರ್ತಿ ಹೆಸರು ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್. ಇದೊಂದು ಕಿಣ್ವ. ಕಿಣ್ವ ಅಂದರೆ ಮೈಯೊಳಗಿನ ಕೂಲಿಯಾಳು ಅಂತ ತಿಳಿಯಿರಿ. ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಜೀವಕೋಶಕ್ಕೆ ಆಮ್ಲಜನಕ ಸಾಲದೆ ಬಂದಾಗ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲದ ದಾರಿಗೆ ತಿರುಗಿಸಿ ಹೇಗೋ ಶಕ್ತಿ ಹುಟ್ಟಿಸಿಕೊಳ್ಳಲು ನೆರವಾಗುವುದು ಈ ಕಿಣ್ವದ ಕೆಲಸ. ಮೊಸರನ್ನು ಹುಳಿ ಮಾಡುವ ಆಮ್ಲವೂ ಇದೇ.

ಕ್ಯಾನ್ಸರ್ ಗಡ್ಡೆ ಬೇಗ ಬೇಗ ಬೆಳೆಯುತ್ತದೆ. ಅದರ ಒಡಲಿಗೆ ರಕ್ತನಾಳ ಸಾಲದು, ಆಮ್ಲಜನಕ ಸಾಲದು. ಸಾಲದ್ದಕ್ಕೆ, ಆಮ್ಲಜನಕ ಇದ್ದರೂ ಕೂಡ ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಈ ಅಡ್ಡದಾರಿಯಲ್ಲೇ ಸುಡುತ್ತವೆ ಅಂತ ಜರ್ಮನಿಯ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ಕಂಡುಕೊಂಡಿದ್ದ. ಹೀಗಾಗಿ ಗಡ್ಡೆ ದೊಡ್ಡದಿದ್ದಲ್ಲಿ, ಕೋಶಗಳು ಒಡೆದು ಸಾಯುತ್ತಿರುವಲ್ಲಿ, ಈ ಕಿಣ್ವ ರಕ್ತಕ್ಕೆ ಸೋರುತ್ತದೆ. ಲ್ಯಾಬಿನವರು ಅಳೆಯುವುದು ಈ ಸೋರಿದ್ದನ್ನು.

ಚೀನಾ, ಕೊರಿಯಾ, ನಮ್ಮ ದೇಶ ಹೀಗೆ ಹಲವು ಕಡೆ ವೈದ್ಯರು ಗರ್ಭಕೊರಳಿನ ಕ್ಯಾನ್ಸರ್ ರೋಗಿಗಳ ಲೆಕ್ಕ ತೆಗೆದು ನೋಡಿದ್ದಾರೆ. ಚಿಕಿತ್ಸೆಗೆ ಮುಂಚೆ ಎಲ್.ಡಿ.ಎಚ್. ಏರಿದ್ದವರಲ್ಲಿ ರೋಗ ಮರುಕಳಿಸುವುದು ಹೆಚ್ಚು, ಬದುಕುಳಿಯುವುದು ಕಮ್ಮಿ ಅನ್ನುವ ಒಲವು ಹಲವು ಲೆಕ್ಕಗಳಲ್ಲಿ ಕಂಡಿದೆ. ಅಷ್ಟು ನಿಜ. ಅದನ್ನು ಸುಳ್ಳು ಅನ್ನುವಂತಿಲ್ಲ.

ಹೊಗೆ ಕಾಣುತ್ತೆ, ಮನೆ ಯಾವುದು?

ತೊಡಕಿರುವುದು ಮುಂದೆ. ಈ ಕಿಣ್ವ ಕ್ಯಾನ್ಸರಿನ ಮನೆಯ ಸ್ವಂತ ಆಳಲ್ಲ. ಹೃದಯ, ಈಲಿ, ಮೂತ್ರಪಿಂಡ, ಸ್ನಾಯು, ಕೆಂಪು ರಕ್ತಕಣ, ಎಲ್ಲರ ಮನೆಯಲ್ಲೂ ದುಡಿಯುತ್ತದೆ. ಹೃದಯಾಘಾತವಾದರೆ ಏರುತ್ತದೆ. ಕಾಮಾಲೆಗೆ ಏರುತ್ತದೆ. ಬಿ-12 ಜೀವಸತ್ವ ಸಾಲದೆ ರಕ್ತಹೀನತೆ ಬಂದರಂತೂ ಸಿಕ್ಕಾಪಟ್ಟೆ ಏರುತ್ತದೆ. ಮಾರುಕಟ್ಟೆಯಲ್ಲಿ ಇಡೀ ರಾತ್ರಿ ಮೂಟೆ ಹೊತ್ತ ಹಮಾಲಿಯ ರಕ್ತ ಬೆಳಿಗ್ಗೆ ತೆಗೆದರೆ ಅವನಲ್ಲೂ ಏರಿರಬಹುದು. ಅವನಿಗೆ ಗರ್ಭಕೋಶ ಎಲ್ಲಿಂದ ಬರಬೇಕು?

ಇನ್ನೊಂದು ಗುಟ್ಟು ಕೇಳಿ. ಕೆಂಪು ರಕ್ತಕಣದೊಳಗೆ ಈ ಕಿಣ್ವ, ಸುತ್ತಲಿನ ರಕ್ತದ ನೀರಿಗಿಂತ ನೂರು ಪಟ್ಟಿಗೂ ಹೆಚ್ಚಿರುತ್ತದೆ. ಸೂಜಿ ಚುಚ್ಚಿ ಜೋರಾಗಿ ಎಳೆದರೆ, ಸೀಸೆಯನ್ನು ಅಲುಗಾಡಿಸಿದರೆ, ಬಿಸಿಲಲ್ಲಿ ಬೈಕಿನ ಡಬ್ಬಿಯಲ್ಲಿಟ್ಟು ಹಳ್ಳದ ರಸ್ತೆಯಲ್ಲಿ ಸಾಗಿಸಿದರೆ, ಕಣಗಳು ಒಡೆದು ಅಂಕಿ ತಾನಾಗಿ ಮೇಲೇರುತ್ತದೆ. ರೋಗ ಹೆಂಗಸಿನ ಮೈಯಲ್ಲಿಲ್ಲ, ಸೀಸೆಯಲ್ಲಿದೆ! ಅನೇಕ ಲ್ಯಾಬುಗಳು ಸುಮಾರು 140ರಿಂದ 280 ಯೂನಿಟ್‌ವರೆಗೆ ಸರಿ ಅನ್ನುತ್ತವೆ. ಲ್ಯಾಬಿನಿಂದ ಲ್ಯಾಬಿಗೆ ಆ ಗೆರೆಯೂ ಬೇರೆ.

ಅಂದರೆ ಇದು ಊರ ಮೇಲೆ ಕಾಣುವ ಹೊಗೆ. ಯಾರೋ ಬಚ್ಚಲ ಒಲೆ ಹಚ್ಚಿರಬಹುದು, ಗದ್ದೆಯಲ್ಲಿ ಕೂಳೆ ಸುಡುತ್ತಿರಬಹುದು, ಮನೆಗೇ ಬೆಂಕಿ ಬಿದ್ದಿರಬಹುದು. ಹೊಗೆ ನೋಡಿ ಮನೆ ಯಾವುದು ಅಂತ ಹೇಳೋಕಾಗಲ್ಲ. ಇದಕ್ಕಿಂತ ಅಪಾಯದ ಮಾತು ಇನ್ನೊಂದಿದೆ. ಗರ್ಭಕೊರಳಿನ ಕ್ಯಾನ್ಸರ್ ಮೊದಲ ಹಂತದಲ್ಲಿದ್ದಾಗ ಹೊಗೆಯೇ ಇರೋದಿಲ್ಲ. ಎಲ್.ಡಿ.ಎಚ್. ಅಚ್ಚುಕಟ್ಟಾಗಿ ಸರಿಯಿರುತ್ತದೆ. ‘ಎಂಬತ್ತು ಪರೀಕ್ಷೆ ಮಾಡಿಸಿದ್ದೀನಿ, ಎಲ್ಲ ನಾರ್ಮಲ್’ ಅಂತ ನೆಮ್ಮದಿಯಾಗಿ ಮಲಗಿದ ಹೆಂಗಸಿನ ಒಳಗೆ ರೋಗ ಬೆಳೆಯುತ್ತಲೇ ಇರಬಹುದು.

ದೊಡ್ಡ ಡಾಕ್ಟರುಗಳು ಏನು ಮಾಡ್ತಾರೆ?

ಕೆಲವು ಕ್ಯಾನ್ಸರುಗಳಲ್ಲಿ ಈ ಅಂಕಿಗೆ ಅಧಿಕೃತ ಸ್ಥಾನವೇ ಸಿಕ್ಕಿದೆ. ದುಗ್ಧಗ್ರಂಥಿಯ ಕ್ಯಾನ್ಸರಾದ ಲಿಂಫೋಮಾದಲ್ಲಿ ಮುಂದೇನಾಗಬಹುದು ಎಂದು ಅಂದಾಜು ಹಾಕಲು 1993ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಲೆಕ್ಕದ ಐದು ಅಂಶಗಳಲ್ಲಿ ಎಲ್.ಡಿ.ಎಚ್. ಒಂದು. ಗಂಡಸರ ವೃಷಣದ ಕ್ಯಾನ್ಸರಿನಲ್ಲೂ ಹಂತ ನಿರ್ಧಾರಕ್ಕೆ ಅದು ಬೇಕು. ಆದರೆ ಗರ್ಭಕೊರಳಿನ ಕ್ಯಾನ್ಸರಿಗೆ ಜಗತ್ತಿನ ಸ್ತ್ರೀರೋಗ ತಜ್ಞರ ಒಕ್ಕೂಟ ಫಿಗೋ 2018ರಲ್ಲಿ ಹಂತಗಳನ್ನು ಹೊಸದಾಗಿ ಬರೆದಾಗ ಸ್ಕ್ಯಾನಿಂಗಿಗೆ ಜಾಗ ಕೊಟ್ಟಿತು, ದುಗ್ಧಗ್ರಂಥಿಗೆ ಜಾಗ ಕೊಟ್ಟಿತು, ಎಲ್.ಡಿ.ಎಚ್.ಗೆ ಕೊಡಲಿಲ್ಲ. ಕಾರಣ ಸರಳ. ಹೆಚ್ಚಿನ ಅಧ್ಯಯನಗಳು ಹಳೇ ಫೈಲುಗಳನ್ನು ತಿರುವಿ ಮಾಡಿದವು. ಒಬ್ಬರ ಗೆರೆ ಒಂದು ಕಡೆ, ಇನ್ನೊಬ್ಬರ ಗೆರೆ ಇನ್ನೊಂದು ಕಡೆ. ಮುಖ್ಯವಾಗಿ, ಅಂಕಿ ಏರಿದೆ ಅಂತ ಗೊತ್ತಾದರೂ ಅದೊಂದರ ಮೇಲೆ ಚಿಕಿತ್ಸೆ ಬದಲಾಗೋದಿಲ್ಲ.

ಬೇರೆ ಗುರುತುಗಳ ಹುಡುಕಾಟವೂ ನಡೆದಿದೆ. ಕಾರ್ಬಾನಿಕ್ ಅನ್‌ಹೈಡ್ರೇಸ್-9 ಅನ್ನೋ ಕಿಣ್ವ ಗಡ್ಡೆಯೊಳಗೆ ಆಮ್ಲಜನಕ ಎಷ್ಟು ಬರಗೆಟ್ಟಿದೆ ಅನ್ನೋದರ ಸುಳಿವು ಕೊಡುತ್ತೆ. ಕಾಕ್ಸ್-2 ಅನ್ನೋದು ಊತಕ್ಕೆ ಸಂಬಂಧಪಟ್ಟ ಕಿಣ್ವ. ಇವನ್ನು ನೋಡಬೇಕಾದರೆ ಗಡ್ಡೆಯ ಚೂರೇ ಬೇಕು, ರಕ್ತ ಸಾಲದು. ಜಪಾನಿನ ಕಾಟೋ ಮತ್ತು ತೊರಿಗೋಯೆ 1977ರಲ್ಲಿ ತಿಳಿಸಿದ ಎಸ್.ಸಿ.ಸಿ. ಆಂಟಿಜೆನ್ ಅನ್ನುವುದೊಂದಿದೆ. ಅದು ಕಿಣ್ವವಲ್ಲ, ಕಿಣ್ವಕ್ಕೆ ಮೂಗುದಾರ ಹಾಕುವ ವಸ್ತುಗಳ ವಂಶದ್ದು. ಚಿಕಿತ್ಸೆಯಾದ ಮೇಲೆ ರೋಗ ಮರುಕಳಿಸಿತೋ ಅಂತ ಕಾಯಲು ಕೆಲವು ಆಸ್ಪತ್ರೆಗಳು ಅದನ್ನು ಬಳಸುತ್ತವೆ. ಇವೆಲ್ಲ ಸಾಕ್ಷಿಗಳು. ಸಾಕ್ಷಿ ಒಂದು ಮಾತು ಹೇಳಿದ ಮಾತ್ರಕ್ಕೆ ತೀರ್ಪು ಆಗಿಬಿಡುತ್ತದೆಯೇ?

ಆಯುಸ್ಸು ಬರೆಯೋ ಮೂರು ಸಂಗತಿ

ಹಾಗಾದರೆ ಈ ರೋಗದಲ್ಲಿ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಅನ್ನೋದನ್ನು ನಿರ್ಧರಿಸುವುದೇನು? ಮೂರು ಸಂಗತಿ ಗಟ್ಟಿಯಾಗಿ ನಿಲ್ಲುತ್ತವೆ.

ಒಂದು, ಯಾವ ಹಂತದಲ್ಲಿ ಬಂದರು ಅನ್ನೋದು. ಗಡ್ಡೆ ಕೊರಳಲ್ಲೇ ಇದ್ದರೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಅಕ್ಕಪಕ್ಕದ ಮೂಳೆಗೋಡೆವರೆಗೆ ಹಬ್ಬಿ ಬಂದರೆ ಅದು ಅರ್ಧಕ್ಕೆ ಇಳಿಯುತ್ತೆ.

ಎರಡು, ರಕ್ತದಲ್ಲಿ ಹಿಮೋಗ್ಲೋಬಿನ್. ವಿಕಿರಣದ ಶಾಖ, ಅಂದರೆ ನಮ್ಮ ಜನ ‘ಕರೆಂಟು ಕೊಡೋದು’ ಅನ್ನುವ ಚಿಕಿತ್ಸೆ, ಚೆನ್ನಾಗಿ ಕೆಲಸ ಮಾಡಬೇಕಾದರೆ ಗಡ್ಡೆಯೊಳಗೆ ಆಮ್ಲಜನಕ ಬೇಕು. ರಕ್ತಸ್ರಾವದಿಂದ ಬಿಳಿಚಿಕೊಂಡ ಹೆಂಗಸಿನಲ್ಲಿ ಅದು ಸಾಲದು. ಅದಕ್ಕೇ ಡಾಕ್ಟರುಗಳು ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ ಬೀಳದಂತೆ ನೋಡಿಕೊಳ್ಳಲು ಹೆಣಗುತ್ತಾರೆ. ಎಂಬತ್ತು ಪರೀಕ್ಷೆಯ ಪ್ಯಾಕೇಜಿನಲ್ಲಿ ತೀರಾ ಅಗ್ಗದ ಅಂಕಿ ಇದು. ಎಲ್.ಡಿ.ಎಚ್. ನೋಡಿ ಗಾಬರಿಯಾಗುವವರು ಇದನ್ನು ನೋಡೋದೇ ಇಲ್ಲ.

ಮೂರು, ಚಿಕಿತ್ಸೆ ಪೂರ್ತಿ ಆಯಿತೇ, ಹೊತ್ತಿಗೆ ಸರಿಯಾಗಿ ಆಯಿತೇ ಅನ್ನೋದು. ಹೊರಗಿನಿಂದ ಕೊಡುವ ಕರೆಂಟು ವಾರಕ್ಕೆ ಐದು ದಿನದಂತೆ ಸುಮಾರು 25 ಸಲ. ಜತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಔಷಧಿ. ಕೊನೆಗೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ ಮೂರು ನಾಲ್ಕು ಸಲ. ಇಷ್ಟೂ ಎಂಟು ವಾರದೊಳಗೆ ಮುಗಿಯಬೇಕು. ಅದನ್ನು ಮೀರಿ ತಡವಾದ ಒಂದೊಂದು ದಿನಕ್ಕೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ನೂರಕ್ಕೆ ಅರ್ಧದಿಂದ ಒಂದರಷ್ಟು ಕುಗ್ಗುತ್ತೆ ಅನ್ನುತ್ತವೆ ಅಧ್ಯಯನಗಳು. ಹಬ್ಬಕ್ಕೆ ಅಂತ ಒಂದು ವಾರ, ನಾಟಿಗೆ ಅಂತ ಒಂದು ವಾರ, ಮಗಳ ಬಾಣಂತನಕ್ಕೆ ಅಂತ ಒಂದು ವಾರ ಬಿಟ್ಟವರು ಎಷ್ಟು ಕಳೆದುಕೊಂಡರು ಅಂತ ನೀವೇ ಲೆಕ್ಕ ಹಾಕಿ.

‘ಮೂರನೇ ಹಂತ, ಇನ್ನೇನು ಪ್ರಯೋಜನ’ ಅನ್ನುವವರಿಗೆ ಒಂದು ಮಾತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 850 ಹೆಂಗಸರ ಮೇಲೆ ನಡೆಸಿದ ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. ಎಲ್ಲರೂ ಮೂರನೇ ಹಂತದ ‘ಬಿ’ ಗುಂಪಿನವರು. ಬರೀ ಕರೆಂಟು ಕೊಟ್ಟವರಲ್ಲಿ ಐದು ವರ್ಷಕ್ಕೆ ನೂರಕ್ಕೆ 46 ಮಂದಿ ಉಳಿದಿದ್ದರು. ಕರೆಂಟಿನ ಜತೆ ವಾರದ ಸಿಸ್‌ಪ್ಲಾಟಿನ್ ಪಡೆದವರಲ್ಲಿ 54 ಮಂದಿ. ಮೂರನೇ ಹಂತದಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಉಳಿದರು, ಸ್ವಾಮಿ. ಜಗುಲಿ ಪಂಚಾಯ್ತಿಯವರು ಕೈ ಬಿಡೋದು ಈ ಅರ್ಧವನ್ನ.

3,500 ಕಿಲೋಮೀಟರಿನ ಲೆಕ್ಕ

ಈಗ ನಮ್ಮ ಜಿಲ್ಲೆಗೆ ಬರೋಣ. ಗುಬ್ಬಿ, ಕುಣಿಗಲ್, ಕೊರಟಗೆರೆ ಕಡೆಯ ಎಷ್ಟೋ ಬಡವರಿಗೆ ಕ್ಯಾನ್ಸರ್ ಅಂದರೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯೇ ಗತಿ. 1973ರಲ್ಲಿ ಶುರುವಾದ ಆಸ್ಪತ್ರೆ. ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು 1982ರಿಂದ ಬರೆದಿಡುತ್ತಾ ಬಂದಿರುವುದೂ ಅಲ್ಲೇ. ಆ ಲೆಕ್ಕ ಶುರುವಾದ ಕಾಲಕ್ಕೆ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರೇ ಮೊದಲು. ಈಗ ಸ್ತನ ಕ್ಯಾನ್ಸರ್ ಮುಂದೆ ಹೋಗಿದೆ, ಕೊರಳಿನದು ಇಳಿಮುಖ. ಇಳಿದರೂ ದೇಶದಲ್ಲಿ 2022ರ ಅಂದಾಜಿನಂತೆ ಹೊಸ ರೋಗಿಗಳು ಸುಮಾರು 1.27 ಲಕ್ಷ, ಸಾವು ಸುಮಾರು 80 ಸಾವಿರ.

ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರು. ಇಪ್ಪತ್ತೈದು ಸಲ ಹೋಗಿ ಬಂದರೆ 3,500 ಕಿಲೋಮೀಟರು. ಮೆಜೆಸ್ಟಿಕ್‌ನಲ್ಲಿಳಿದು ಹೊಸೂರು ರಸ್ತೆಗೆ ಇನ್ನೊಂದು ಬಸ್ಸು ಬೇರೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಕಾಸು ಉಳಿಯುತ್ತೆ, ಒಳ್ಳೇದೇ. ಆದರೆ ಜತೆಗೆ ಹೋಗೋ ಗಂಡನಿಗೆ ಟಿಕೆಟ್ಟು ಬೇಕು. ಇಬ್ಬರ ದಿನಗೂಲಿಯೂ ಹೋಯಿತು. ವಾಂತಿ, ಭೇದಿ, ಸುಸ್ತು ಹೊತ್ತುಕೊಂಡು ನಿಂತೇ ಬರಬೇಕು. ಹದಿನೈದನೇ ದಿನಕ್ಕೆ ‘ಸಾಕಪ್ಪ’ ಅನ್ನಿಸೋದು ಸಹಜ. ಆದರೆ ಆ ‘ಸಾಕಪ್ಪ’ ಅನ್ನೋದು ಯಾವ ಕಿಣ್ವದ ಅಂಕಿಗಿಂತಲೂ ಖಚಿತವಾಗಿ ಮುಂದಿನದನ್ನು ಹೇಳಿಬಿಡುತ್ತೆ.

ಇಲ್ಲಿ ತಿಳಿದಿರಬೇಕಾದ ಎರಡು ಮಾತು. ಬಡತನ ರೇಖೆ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು, ಕ್ಯಾನ್ಸರ್ ಕೂಡ ಅದರಲ್ಲಿದೆ. ಎ.ಪಿ.ಎಲ್. ಕುಟುಂಬಕ್ಕೂ ಒಂದು ಪಾಲು ಸಿಗುತ್ತೆ. ಕೈಗಾರಿಕಾ ಪ್ರದೇಶದಲ್ಲಿ ಇ.ಎಸ್.ಐ. ಕಟ್ಟುವ ಕೆಲಸಗಾರ್ತಿಗೆ ಕ್ಯಾನ್ಸರ್ ಬಂದರೆ, ಷರತ್ತು ಪೂರೈಸಿದ್ದಲ್ಲಿ, ಎರಡು ವರ್ಷದವರೆಗೆ ಸಂಬಳದ ನೂರಕ್ಕೆ 80ರಷ್ಟು ಕಾಯಿಲೆ ಭತ್ಯ ಸಿಗುವ ವ್ಯವಸ್ಥೆ ಇದೆ. ಕಾರ್ಖಾನೆ ಗೇಟಿನಲ್ಲಿ ಇದನ್ನು ಕೇಳಿ ತಿಳಿದವರು ಕಮ್ಮಿ, ಹೇಳುವವರು ಇನ್ನೂ ಕಮ್ಮಿ.

ಒಂದು ಚಮಚ ವಿನೆಗರ್

ಇಷ್ಟೆಲ್ಲ ಕಷ್ಟಕ್ಕೆ ಮುಂಚೆಯೇ ಹಿಡಿಯೋಕೆ ದಾರಿ ಇಲ್ಲವೇ? ಇದೆ. ಅದು ರಕ್ತದಲ್ಲಿಲ್ಲ.

ಈ ರೋಗಕ್ಕೆ ಕಾರಣ ಎಚ್.ಪಿ.ವಿ. ಅನ್ನೋ ವೈರಸ್ಸು. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ವೈರಸ್ಸು ಹತ್ತಿದ ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತೆ. ಉಳಿದುಕೊಂಡ ಕೆಲವರಲ್ಲಿ ಕ್ಯಾನ್ಸರಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಯೋಚನೆ ಮಾಡಿ, ಕಳ್ಳ ಹದಿನೈದು ವರ್ಷ ಅಂಗಳದಲ್ಲಿ ಓಡಾಡಿ ಆಮೇಲೆ ಮನೆಯೊಳಗೆ ನುಗ್ಗುತ್ತಾನೆ. ಅಷ್ಟು ವರ್ಷದಲ್ಲಿ ಒಂದು ಸಲ ಕಣ್ಣು ಬಿಟ್ಟು ನೋಡಿದರೂ ಸಿಕ್ಕಿಬೀಳುತ್ತಾನೆ.

ನೋಡುವುದು ಹೇಗೆ? ಗರ್ಭಕೊರಳಿಗೆ ಹತ್ತಿಯಿಂದ ತೆಳು ಅಸಿಟಿಕ್ ಆಮ್ಲ, ಅಂದರೆ ಗೋಬಿ ಮಂಚೂರಿ ಗಾಡಿಯ ವಿನೆಗರಿನ ಅಣ್ಣ, ಹಚ್ಚಿ ಒಂದು ನಿಮಿಷ ಕಾಯುವುದು. ಕೆಟ್ಟ ಜಾಗ ಬೆಳ್ಳಗೆ ತೋರುತ್ತೆ. ಅಲ್ಲೇ ಶಾಖ ಕೊಟ್ಟೋ ತಂಪು ಕೊಟ್ಟೋ ಸುಟ್ಟುಬಿಡಬಹುದು, ಅನುಮಾನವಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದು. ಮುಂಬೈಯ ಕೊಳೆಗೇರಿಗಳಲ್ಲಿ ಹತ್ತನೇ ಕ್ಲಾಸು ಓದಿದ ಹೆಂಗಸರಿಗೆ ತರಬೇತಿ ಕೊಟ್ಟು ಇದನ್ನೇ ಮಾಡಿಸಿದರು. ಹನ್ನೆರಡು ವರ್ಷದ ಲೆಕ್ಕದಲ್ಲಿ ಸಾವು ನೂರಕ್ಕೆ 31ರಷ್ಟು ಇಳಿಯಿತು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿದ್ದಕ್ಕೆ ಎಂಟು ವರ್ಷದಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಬಂತು. 2009ರಲ್ಲಿ ಅದು ಪ್ರಕಟವಾಯಿತು.

ನಮ್ಮ ಸರ್ಕಾರವೂ 2016ರಲ್ಲೇ ನಿಯಮ ಮಾಡಿದೆ: 30ರಿಂದ 65 ವಯಸ್ಸಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ವಿನೆಗರ್ ಪರೀಕ್ಷೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಎಂದಾದರೂ ಇದನ್ನು ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಎಲ್.ಡಿ.ಎಚ್.ಗೆ ದುಡ್ಡು ಕೊಡುವ ಊರಿನಲ್ಲಿ ವಿನೆಗರಿಗೆ ಮುಖ ತಿರುಗಿಸುತ್ತೇವೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋದು ಅಂದರೆ ಇದೇ.

ಮಾರುಕಟ್ಟೆಗೇ ಬರಲಿ ಪರೀಕ್ಷೆ

ನಾಚಿಕೆ ಒಂದು ಕಾರಣ, ಒಪ್ಪೋಣ. ಹೊತ್ತು ಇನ್ನೊಂದು ಕಾರಣ. ಆರೋಗ್ಯ ಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಸೊಪ್ಪಿನವರು, ಹೂವಿನವರು ವ್ಯಾಪಾರದ ಮಧ್ಯೆ ಇರುತ್ತಾರೆ. ವ್ಯಾಪಾರ ಮುಗಿಸಿ ಬಸ್ಸು ಹಿಡಿದು ಊರು ಸೇರಿದರೆ ಅಡಿಗೆ, ದನ, ಹೊಲ. ಅವರು ಕೇಂದ್ರಕ್ಕೆ ಬರಲಿಲ್ಲ ಅಂತ ಬಯ್ಯುವ ಬದಲು ಕೇಂದ್ರವೇ ಅವರಿದ್ದಲ್ಲಿಗೆ ಯಾಕೆ ಬರಬಾರದು? ಒಂದು ಕೋಣೆ, ಒಂದು ಪರದೆ, ಒಂದು ಟೇಬಲ್ಲು, ನೀರು, ಟಾರ್ಚು, ತರಬೇತಿಯಾದ ಒಬ್ಬ ನರ್ಸಮ್ಮ. ತಿಂಗಳಿಗೆ ಎರಡು ದಿನ, ವ್ಯಾಪಾರ ಇಳಿಯುವ ಹೊತ್ತಿಗೆ. ಮಾರುಕಟ್ಟೆ ಸಮಿತಿ ಜಾಗ ಕೊಡಲಿ, ಆರೋಗ್ಯ ಇಲಾಖೆ ಆಳು ಕೊಡಲಿ. ಕಾರ್ಖಾನೆಯವರು ಅರ್ಧ ದಿನದ ರಜೆ ಕೊಡಲಿ. ಅಂಗಡಿಯವರು ಕೌಂಟರಿನಲ್ಲಿರುವ ಹೆಂಗಸನ್ನು ಒಂದು ಗಂಟೆ ಬಿಟ್ಟು ಕೊಡಲಿ. ಇದಕ್ಕೆ ಸಾವಿರಾರು ರೂಪಾಯಿ ಪ್ಯಾಕೇಜು ಬೇಕಿಲ್ಲ.

ಪರೀಕ್ಷೆಗೆ ಕಾಯದೆ ಓಡಬೇಕಾದ ಲಕ್ಷಣಗಳೂ ಇವೆ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ಕಂಡರೆ, ಗಂಡ-ಹೆಂಡಿರು ಕೂಡಿದ ಮೇಲೆ ಕಂಡರೆ, ನಾತದ ಬಿಳಿಮುಟ್ಟು ಹೋಗುತ್ತಿದ್ದರೆ, ರಕ್ತದ ಚೀಟಿ ಏನೇ ಹೇಳಲಿ, ಜಿಲ್ಲಾಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ಹೆಣ್ಣುಮಕ್ಕಳಿರುವವರು 9ರಿಂದ 14 ವಯಸ್ಸಿನೊಳಗೆ ಎಚ್.ಪಿ.ವಿ. ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆ 2023ರಲ್ಲಿ ಬಂದಿದೆ.

ಇನ್ನು ಮನೆಯಲ್ಲಿ ಆಗಲೇ ಒಬ್ಬರಿಗೆ ರೋಗ ಇದ್ದರೆ, ಡಾಕ್ಟರ ಮುಂದೆ ಕೂತಾಗ ಎಲ್.ಡಿ.ಎಚ್. ಎಷ್ಟು ಅಂತ ಕೇಳೋದು ಕೊನೆಗಿರಲಿ. ಮೊದಲು ಕೇಳಬೇಕಾದ್ದು ಹಂತ ಯಾವುದು, ಹಿಮೋಗ್ಲೋಬಿನ್ ಎಷ್ಟು, ಚಿಕಿತ್ಸೆ ಯಾವ ತಾರೀಖು ಶುರು, ಯಾವ ತಾರೀಖಿಗೆ ಮುಗಿಯಬೇಕು. ಆ ಕೊನೆಯ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಆ ತಾರೀಖು ಮೀರದಂತೆ ಅವಳ ಜತೆಗೆ ಇಪ್ಪತ್ತೈದು ದಿನ ಬಸ್ಸು ಹತ್ತುವವರು ಯಾರು, ಮನೆಯಲ್ಲಿ ಗಂಜಿ ಬೇಯಿಸುವವರು ಯಾರು, ಅನ್ನೋದನ್ನು ಜಗುಲಿ ಪಂಚಾಯ್ತಿ ತೀರ್ಮಾನಿಸಲಿ. ಆ ಪಂಚಾಯ್ತಿ ಕೊಡಬೇಕಾದ ತೀರ್ಪು ಅದೊಂದೇ.